ಕರಡಿಗೆ ಮಾತು ಬರುವುದಿಲ್ಲ

ಕಳೆದ ತಿಂಗಳು ಕಾರವಾರದಲ್ಲಿ ಸಿಸ್ಟರ್ ಅವರಿಗೆ ಶ್ರದ್ಧಾಂಜಲಿ ಸಭೆ ಇತ್ತು. ಆಸ್ಪತ್ರೆಯಲ್ಲಿ ಅವರ ಜೊತೆ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಎದ್ದು ಮಾತನಾಡಿದರು. ವಾರ್ಡಿನ ಶಿಸ್ತು, ಇಸ್ತ್ರಿ ಮಾಡಿದ ಬಿಳಿ ಸೀರೆ, ಡಾಕ್ಟರರಿಗೂ ಹೆದರದ ಬಾಯಿ, ಎಲ್ಲವೂ ಬಂತು. ಎಲ್ಲ ನಿಜವೇ. ಆದರೆ ನಿವೃತ್ತಿಯ ನಂತರ ಪ್ರತಿ ಭಾನುವಾರ ಅವರು ಕೋಡಿಬಾಗದ ತಮ್ಮ ಮನೆಯಲ್ಲಿ ಊಟದ ಮೇಜಿನ ತುದಿಗೆ ಕೂತು ರಾಕ್ಷಸ, ರಾಣಿ, ಸೇತುವೆ ಕಾಯುವವ, ಸತ್ತ ಮೇಲೂ ಸುಂಕ ಕೇಳುವ ಭೂತ, ಹೀಗೆ ಏನೇನೋ ಆಗುತ್ತಿದ್ದರು ಎಂಬುದನ್ನು ಯಾರೂ ಹೇಳಲಿಲ್ಲ. ಅಲ್ಲಿದ್ದವರಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿದ್ದ ನಾವು ಮೂವರು ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಭಟ್ಟರು ಮೊಣಕೈಯಿಂದ ತಿವಿದು, "ನೀನಾದ್ರೂ ಎದ್ದು ಹೇಳೆ ತಂಗಿ" ಎಂದರು. ನಾನು ಏಳಲಿಲ್ಲ. ನನಗೆ ಉಗ್ಗು ಇದೆ ಎಂಬ ಕಾರಣಕ್ಕಲ್ಲ. ಅಲ್ಲಿ ಮೊದಲು ಆಟವನ್ನು ವಿವರಿಸಬೇಕು, ಆಮೇಲೆ ಮಂತ್ರವನ್ನು, ಆಮೇಲೆ ಕರಡಿಯನ್ನು. ಅಷ್ಟರಲ್ಲಿ ಎಲ್ಲರ ಚಾ ತಣ್ಣಗಾಗುತ್ತದೆ. ಬರೆದರೆ ಆ ತೊಂದರೆ ಇಲ್ಲ.

ಉಗ್ಗು ನನಗೆ ಬುದ್ಧಿ ಬಂದಾಗಿನಿಂದಲೂ ಇದೆ. ಅದು ಅಭ್ಯಾಸವಾಗಿಬಿಟ್ಟಿದೆ. ಅಭ್ಯಾಸವಾಗದೆ ಉಳಿದದ್ದು ನನ್ನ ಮಾತನ್ನು ಮುಗಿಸಿಕೊಡುವ ಜನ. ನಾನು "ಬ" ಎನ್ನುವಷ್ಟರಲ್ಲಿ ಅಂಗಡಿಯವನು ಬೆಲ್ಲ ತೂಗಿರುತ್ತಾನೆ. ನನಗೆ ಬೇಕಾದದ್ದು ಬಟಾಟೆ. ಬೇಡ ಎನ್ನುವುದಕ್ಕೂ ಮತ್ತೆ ಅದೇ "ಬ"ದಿಂದ ಶುರುಮಾಡಬೇಕಲ್ಲ, ಅದರ ಬದಲು ಬೆಲ್ಲವನ್ನೇ ತಂದದ್ದುಂಟು. ಕಾರವಾರದಿಂದ ಬಸ್ಸಿನಲ್ಲಿ ಬರುವಾಗ ಹಟ್ಟಿಕೇರಿ ಎಂಬ ನನ್ನ ಸ್ವಂತ ಊರಿನ ಹೆಸರು ಕಂಡಕ್ಟರನ ಎದುರು ಬಾಯಿಂದ ಹೊರಡುತ್ತಿರಲಿಲ್ಲ. ಅಂಕೋಲಾ ಎಂದು ಟಿಕೆಟ್ ತೆಗೆದು ನಡುವೆ ಇಳಿದುಬಿಡುತ್ತಿದ್ದೆ. ಕೆಲಸವನ್ನೂ ಹಾಗೇ ನೋಡಿ ಹಿಡಿದದ್ದು. ಅಂಕೋಲಾದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು. ಚೀಟಿ ನೋಡು, ತೋಳಿಗೆ ರಬ್ಬರ್ ಪಟ್ಟಿ ಕಟ್ಟು, ಚುಚ್ಚು, ಹತ್ತಿ ಇಡು, ಮುಂದಿನವರನ್ನು ಕೈಸನ್ನೆಯಲ್ಲಿ ಕರೆ. ಇಡೀ ದಿನ ಬಾಯಿ ತೆರೆಯದೆ ಸಂಬಳ ತೆಗೆದುಕೊಳ್ಳಬಹುದು.

ನನ್ನನ್ನು ಅವರ ಮನೆಗೆ ಕರೆದೊಯ್ದದ್ದು ಭಟ್ಟರು. ಅವರು ರಾಮನಗುಳಿ ಕಡೆಯವರು, ವಿಮೆ ಏಜೆಂಟರು. ಪಾಲಿಸಿ ಮಾಡಿಸುವವರನ್ನು ರಕ್ತ ಪರೀಕ್ಷೆಗೆ ನಮ್ಮ ಲ್ಯಾಬಿಗೆ ಕರೆತರುತ್ತಿದ್ದರು. ಅವರಿಗೆ ಮಾತು ಎಷ್ಟು ಸಲೀಸು ಎಂದರೆ ನಾನು ಉತ್ತರ ಕೊಡುವುದಿಲ್ಲ ಎಂಬುದನ್ನು ಅವರು ಗಮನಿಸಲಿಕ್ಕೇ ತಿಂಗಳುಗಳು ಬೇಕಾದವು. ಒಂದು ದಿನ ಹೇಳಿದರು: "ಭಾನುವಾರ ಎಂತ ಮಾಡ್ತೆ ತಂಗಿ? ಕಾರವಾರದಲ್ಲಿ ನಾವೊಂದು ಆಟ ಆಡ್ತೇವೆ. ದಾಳ ಹಾಕೂದು. ಒಬ್ರು ಕಡಿಮೆ ಬಿದ್ದಿದ್ದಾರೆ." ದಾಳ ಎಂದರಲ್ಲ, ಚೌಕಾಬಾರದಂಥದ್ದು ಏನೋ ಇರಬೇಕು, ಸುಮ್ಮನೆ ಕಾಯಿ ನಡೆಸಿದರೆ ಸಾಕು ಎಂದುಕೊಂಡು ಹೋದೆ. ಹೋಗಿ ನೋಡಿದರೆ ಮೇಜಿನ ಮೇಲೆ ಮನೆಯೂ ಇಲ್ಲ, ಕಾಯಿಯೂ ಇಲ್ಲ. ಇಡೀ ಆಟವೇ ಮಾತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ. "ನೀವು ಕೋಟೆ ಎದುರು ನಿಂತಿದ್ದೀರಿ, ಎಂತ ಮಾಡ್ತೀರಿ?" ಎಂದು ಕೇಳಿದರೆ ಅವರವರ ಪಾತ್ರ ಏನು ಮಾಡುತ್ತದೆ ಎಂದು ಅವರವರೇ ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಮಾತ್ರ ದಾಳ ತೀರ್ಮಾನಿಸುತ್ತದೆ. ಎದ್ದು ಓಡಿಬಿಡೋಣ ಎನಿಸಿತು. ಆದರೆ ಆಗಲೇ ಕೈಗೆ ಚಾ ಕೊಟ್ಟಿದ್ದರು.

ಕಥೆ ನಡೆಸುವವರು ಸಿಸ್ಟರ್. ಅವರು ಕುರ್ಚಿಯ ಅಂಚಿನಲ್ಲೇ ಕೂರುತ್ತಿದ್ದರು, ಬೆನ್ನು ಆನಿಸಿದ್ದನ್ನು ನಾನು ನೋಡಲಿಲ್ಲ. ಯಾವ ಬೆಡ್ಡಿನಿಂದ ಯಾವಾಗ ಕರೆ ಬರುತ್ತದೋ ಎಂಬಂತೆ. ದಾಳ ಮುಟ್ಟುವ ಮೊದಲು ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು. ದಾಳ ಹಾಕಲಿಕ್ಕೆ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗಿಗೆ ಇಡುತ್ತಾರಲ್ಲ, ಆ ಸೊಟ್ಟ ಸ್ಟೀಲ್ ಟ್ರೇ. ಅದರಲ್ಲಿ ದಾಳ ಬಿದ್ದರೆ ಪಕ್ಕದ ಮನೆಯವರಿಗೂ ಗೊತ್ತಾಗಬೇಕು, ಅಂಥ ಸದ್ದು. ಪ್ರತಿ ಭಾನುವಾರ ಆಟ ಶುರುವಾಗುವುದು ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಒಪ್ಪಿಸುವ ಧಾಟಿಯಲ್ಲಿ. "ಒಂದನೇಯವ್ರು, ಭಟ್ರ ಮಾಂತ್ರಿಕ. ಎಡಗೈಗೆ ಬಾಣದ ಗಾಯ, ಕಟ್ಟಿದೆ, ಜ್ವರ ಇಲ್ಲ. ಎರಡನೇದು, ವಿಠ್ಠಲನ ಸೈನಿಕ. ಗಾಯ ಇಲ್ಲ, ಬುದ್ಧಿಯೂ ಇಲ್ಲ. ಕತ್ತಿ ನದಿಗೆ ಬಿಟ್ಟು ಬಂದಿದ್ದಾನೆ." ವಿಠ್ಠಲ ಮೀನು ದೋಣಿಗಳಿಗೆ ಮಂಜುಗಡ್ಡೆ ಮಾಡಿಕೊಡುವ ಕಾರ್ಖಾನೆಯ ಫೋರ್ಮನ್. ಆರು ಅಡಿ ಆಳು, ಸಿಸ್ಟರ್ ಎದುರು ಮಾತ್ರ ಶಾಲೆಯ ಹುಡುಗ.

ಆ ಮೊದಲ ದಿನ ನನ್ನ ಹೆಸರು ಕೇಳಿದರು. ನಾನು ಹೇಳಲು ಹೊರಟೆ. ಮೊದಲ ಅಕ್ಷರದ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡೆ. ಭಟ್ಟರು ಹೇಳಿಬಿಡಲು ಬಾಯಿ ತೆರೆದರು, ಸಿಸ್ಟರ್ ಅವರತ್ತ ನೋಡಿದ ನೋಟಕ್ಕೆ ಮುಚ್ಚಿಕೊಂಡರು. ಸಿಸ್ಟರ್ ನನ್ನ ಬಾಯಿಯನ್ನು ನೋಡಲಿಲ್ಲ, ಕರುಣೆಯಿಂದ ಕಣ್ಣನ್ನೂ ನೋಡಲಿಲ್ಲ. ಕಾಯುತ್ತ ತಮ್ಮ ಪೆನ್ಸಿಲ್ ಚೂಪು ಮಾಡಿಕೊಂಡರು. ಹೆಸರು ಹೊರಬಂದ ಮೇಲೆ, "ಅಡ್ಡಿಲ್ಲ ಬಾಯ್, ಕೂತ್ಕ" ಎಂದರು. ಕೊಂಕಣಿ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕರೆಯುವಂತೆ ಅವರು ನನ್ನನ್ನು ಕೊನೆಯವರೆಗೂ ಬಾಯ್ ಎಂದೇ ಕರೆದರು.

ಈ ಆಟ ಅವರಿಗೆ ಹೇಗೆ ಗಂಟುಬಿತ್ತು ಎಂಬ ಕಥೆಯನ್ನು ಅವರೇ ಹೇಳುತ್ತಿದ್ದರು. ಅವರ ವಾರ್ಡಿಗೆ ಒಬ್ಬ ಯುವಕ ತೊಡೆ ಮುರಿದುಕೊಂಡು ಬಂದು, ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಟ್ಟಲೆ ಮಲಗಿದ್ದನಂತೆ. ದೂರದ ಊರಿನವ, ನೋಡಲು ಬರುವವರಿಲ್ಲ. ಅವನ ದಿಂಬಿನ ಕೆಳಗೆ ಬಣ್ಣಬಣ್ಣದ ದಾಳಗಳು. "ಆಡುಕೆ ಇನ್ನೊಬ್ರು ಬೇಕು ಸಿಸ್ಟರ್" ಎಂದು ದಿನಾ ಗೋಗರೆಯುತ್ತಿದ್ದ. ಡ್ಯೂಟಿ ಮುಗಿದ ಮೇಲೆ ಸ್ವಲ್ಪ ಹೊತ್ತು ಎಂದು ಕೂತವರು ಹುಚ್ಚು ಹಿಡಿಸಿಕೊಂಡರು. ಹೋಗುವಾಗ ಅವನು ದಾಳಗಳನ್ನು ಅವರಿಗೇ ಬಿಟ್ಟುಹೋದ. "ಇಡೀ ಸರ್ವಿಸಿನಲ್ಲಿ ನಾ ಪೇಶೆಂಟ್ ಹತ್ರ ತಕ್ಕಂಡದ್ದು ಅದೊಂದೇ" ಎನ್ನುತ್ತಿದ್ದರು.

ಆಟದಲ್ಲಿ ನೂರಾರು ಮಂತ್ರಗಳಿವೆ. ಸಿಸ್ಟರ್‌ಗೆ ಎಲ್ಲಕ್ಕಿಂತ ಇಷ್ಟವಾದದ್ದು ರೂಪ ಬದಲಿಸುವ ಮಂತ್ರ. ಅದರಲ್ಲಿ ಎರಡು ಬಗೆ. ಒಂದು, ಮಾಂತ್ರಿಕ ಇನ್ನೊಬ್ಬರ ಮೇಲೆ ಹಾಕುವುದು. ಅದು ಬಿದ್ದವನ ಮೈಯೂ ಪ್ರಾಣಿಯದು, ಬುದ್ಧಿಯೂ ಪ್ರಾಣಿಯದು. ಮಾಂತ್ರಿಕ ಅಷ್ಟು ಹೊತ್ತೂ ಮನಸ್ಸನ್ನು ಅದರ ಮೇಲೇ ಹಿಡಿದಿಟ್ಟಿರಬೇಕು. ಅವನ ಗಮನ ತಪ್ಪಿದರೆ ರೂಪ ಕಳಚುತ್ತದೆ. ಇನ್ನೊಂದು, ಕಾಡಿನ ವಿದ್ಯೆ ಬಲ್ಲವರು ತಮ್ಮ ಮೈಯನ್ನು ತಾವೇ ಬದಲಿಸಿಕೊಳ್ಳುವುದು. ಅಲ್ಲಿ ಮೈ ಮಾತ್ರ ಹೋಗುತ್ತದೆ, ಬುದ್ಧಿ ನೆನಪು ತಮ್ಮದೇ. ಎರಡರಲ್ಲೂ ಪ್ರಾಣಿಗೆ ಅದರದ್ದೇ ಜೀವದ ಅಂಕ. ಪೆಟ್ಟು ತಿಂದು ಆ ಅಂಕ ಮುಗಿದರೆ ಸಾವಲ್ಲ. ಪ್ರಾಣಿಯ ರೂಪ ಬಿದ್ದುಹೋಗಿ ಒಳಗಿನ ಮನುಷ್ಯ ತನ್ನ ಹಳೆಯ ಜೀವದೊಂದಿಗೆ ಹೊರಬರುತ್ತಾನೆ. ಪ್ರಾಣಿಯಾಗಿದ್ದಾಗ ಕೈಕೆಲಸ ಇಲ್ಲ, ಮಂತ್ರ ಇಲ್ಲ, ಮಾತು ಇಲ್ಲ. ಇಷ್ಟು ಆಟದ ನಿಯಮದ ಪುಸ್ತಕದ್ದು.

ಇದರ ಮೇಲೆ ಸಿಸ್ಟರ್ ತಮ್ಮದೊಂದು ಕಾಯಿದೆ ಸೇರಿಸಿದ್ದರು. ಜೊತೆಗಾರನ ರೂಪ ಬದಲಿಸುವುದಾದರೆ ಮೊದಲು ಅವನಿಗೆ ಹೇಳಬೇಕು. ಏನು ಹೋಗುತ್ತದೆ, ಏನು ಉಳಿಯುತ್ತದೆ, ಎಷ್ಟು ಹೊತ್ತಿಗೆ ತಿರುಗಿ ಬರುತ್ತದೆ, ಎಲ್ಲ ಹೇಳಿ, ಅವನು ಹೂಂ ಎಂದ ಮೇಲೇ ಮಂತ್ರ. ಶತ್ರು ಮೈಮೇಲೆ ಬರುತ್ತಿರುವಾಗ ಇದೆಲ್ಲ ಎಲ್ಲಿಯ ಉಪಚಾರ ಎಂದು ಭಟ್ಟರು ವಾದ ಹೂಡುತ್ತಿದ್ದರು. ಸಿಸ್ಟರ್ ಬಗ್ಗಲಿಲ್ಲ. "ಯಾರದ್ದೇ ಮೈ ಮುಟ್ಟೂದಿದ್ರೂ ಹೇಳೇ ಮುಟ್ಟಬೇಕು ಭಟ್ರೆ. ಎಚ್ಚರ ತಪ್ಪಿ ಬಿದ್ದವ್ರಿಗೂ ನಾ ಹೇಳೇ ಸೂಜಿ ಹಾಕ್ತಿದ್ದೆ. ಕೇಳ್ಸತದೋ ಇಲ್ವೋ, ನಾ ಹೇಳೂದು ಬಿಡ್ಲಿಲ್ಲ."

ನಮ್ಮ ಗುಂಪಿನ ಮರ್ಯಾದೆ ಹೋದದ್ದು ಬಂಗಡೆಯ ಪ್ರಸಂಗದಲ್ಲಿ. ಒಬ್ಬ ದುಷ್ಟ ಮಾಂತ್ರಿಕ ನಮ್ಮನ್ನು ವಾರಗಟ್ಟಲೆ ಅಟ್ಟಿಸಿಕೊಂಡು ಬಂದಿದ್ದ. ಕೊನೆಗೆ ಭಟ್ಟರ ಮಂತ್ರ ತಾಗಿ ಅವನು ಒಂದು ಬಂಗಡೆ ಮೀನಾಗಿ ಮರಳಿನ ಮೇಲೆ ಬಿದ್ದ. ಗೆದ್ದೆವು ಎಂದು ಕುಣಿದೆವು. ಈಗ ಏನು ಮಾಡುತ್ತೀರಿ ಎಂದು ಸಿಸ್ಟರ್ ಕೇಳಿದರು. ವಿಠ್ಠಲ ಹಿಂದೆಮುಂದೆ ನೋಡಲಿಲ್ಲ. "ಉಪ್ಪು ಅರಿಶಿನ ಹಚ್ಚಿ, ತಲೆ ತೆಗ್ದು, ಹೊಟ್ಟೆ ಸೀಳಿ, ತಿರಫಳ ಹಾಕಿ ಸಾರು" ಎಂದ. ನನಗೂ ಅದೇ ಹೊಳೆದಿತ್ತು, ತಲೆಯಾಡಿಸಿದೆ. ಮೀನು ತಿನ್ನದ ಭಟ್ಟರು ಕೂಡ, "ನಂಗೆ ಬೇಡ, ನೀವು ಮಾಡ್ಕಳಿ" ಎಂದು ಒಪ್ಪಿದರು. ಸಿಸ್ಟರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಕತ್ತಿ ತಾಗಿದ ಕೂಡಲೇ ಬಂಗಡೆಯ ಜೀವ ಮುಗಿಯಿತು, ರೂಪ ಕಳಚಿತು. ಪೂರ್ತಿ ಜೀವ ತುಂಬಿಕೊಂಡ ಮಾಂತ್ರಿಕ ನಮ್ಮ ನಡುವೆ ಎದ್ದು ನಿಂತ, ಮೈತುಂಬ ಅರಿಶಿನ ಉಪ್ಪು ಹಚ್ಚಿಕೊಂಡು. "ಒಂದು ಬಾಲ್ದಿ ನೀರಿಗೆ ಬಿಟ್ಟಿದ್ರೆ ಒಂದು ತಾಸು ಸಿಗ್ತಿತ್ತು ನಿಮ್ಗೆ. ಓಡಿ ಹೋಗ್ಬಹುದಿತ್ತು" ಎಂದರು ಸಿಸ್ಟರ್. "ಬಂಗಡೆ ಕಂಡು ನೀರಿಗೆ ಬಿಡೂದಾ ಸಿಸ್ಟರ್" ಎಂದು ವಿಠ್ಠಲ ನಿಜವಾಗಿ ನೊಂದುಕೊಂಡ. ಆ ಊಟದಲ್ಲಿ ನಾವು ಮೂವರೂ ಸಾಯುವುದೊಂದು ಬಾಕಿ.

ಭಟ್ಟರದ್ದು ಬೇರೆ ಗೋಳು. ಹೊಳೆ ದಾಟುವ ಒಂದು ಪ್ರಸಂಗದಲ್ಲಿ ಮೈ ಮಾತ್ರ ಬದಲಿಸುವ ಯಾವುದೋ ಉಂಗುರದ ದೆಸೆಯಿಂದ ಅವರು ನೀರುನಾಯಿಯಾದರು. ನೀರುನಾಯಿಗೆ ಹಸಿವಾಯಿತು, ಮೀನು ತಿಂದಿತು. ತಿಂದದ್ದು ಬುದ್ಧಿ ಭಟ್ಟರದ್ದೇ ಇರುವಾಗ. ಭಟ್ಟರ ಮುಖ ಬಿಳಿಚಿತು. ತಿಂದದ್ದು ಯಾರ ಹೊಟ್ಟೆಗೆ ಹೋಯಿತು, ರೂಪ ಕಳಚಿದ ಮೇಲೆ ಅದು ಒಳಗೇ ಉಳಿಯುತ್ತದೆಯೇ, ರುಚಿ ನೆನಪಿರುತ್ತದೆಯೇ ಎಂದು ಒಂದರ ಮೇಲೊಂದು ಪ್ರಶ್ನೆ. ನಾವು ನಗುತ್ತಿದ್ದೆವು, ಸಿಸ್ಟರ್ ನಗಲಿಲ್ಲ. ಅವರು ಗಂಭೀರವಾಗಿ ಯೋಚಿಸಿ ತೀರ್ಪು ಕೊಟ್ಟರು: "ಹೊಟ್ಟೆ ನೀರುನಾಯಿದು, ಅದು ಹೋಗ್ತಾ ಅದ್ರ ಸಂಗ್ತಿಗೇ ಹೋಯ್ತು. ನೆನಪು ನಿಮ್ದು, ಅದು ಉಳೀತು. ರುಚಿ ಅಡ್ಡಿಲ್ವಾಗಿತ್ತು ಅಂತ ಅನ್ಸಿದ್ರೆ ಮನೇಲಿ ಹೇಳುಕೆ ಹೋಗಬ್ಯಾಡಿ." ಯಾರ ಭಯವನ್ನೂ ಅವರು ಸಣ್ಣದೆಂದು ತಳ್ಳಿಹಾಕುತ್ತಿರಲಿಲ್ಲ. ಅದಕ್ಕೇ ಅವರೆಂದರೆ ನನಗೆ ಪ್ರಾಣ.

ಈಗ ನನ್ನ ಕರಡಿಯ ವಿಷಯ. ಮೊದಮೊದಲು ನನ್ನ ಪಾಳಿ ಬಂದಾಗಲೆಲ್ಲ ನಾನು ತಲೆಯಾಡಿಸುವುದು, ಬೆರಳು ತೋರಿಸುವುದು. ಪ್ರಾಣಿಗೆ ಮಾತಿಲ್ಲ ಎಂಬ ಕಾಯಿದೆ ಗೊತ್ತಾದ ದಿನ ನನಗೆ ನಿಧಿ ಸಿಕ್ಕಂತಾಯಿತು. ನನ್ನ ಪಾತ್ರವನ್ನು ಕಾಡಿನ ವಿದ್ಯೆ ಬಲ್ಲವಳಾಗಿ ಬದಲಿಸಿಕೊಂಡೆ. ಅಂಥವರು ತಾವು ಕಣ್ಣಾರೆ ಕಂಡ ಪ್ರಾಣಿ ಮಾತ್ರ ಆಗಬಹುದು. ನಾನು ಒಂದು ಚೀಟಿಯಲ್ಲಿ ಕರಡಿ ಎಂದು ಬರೆದು ಕೊಟ್ಟೆ. ಸಿಸ್ಟರ್ ರೋಗಿಯ ಪೂರ್ವೋತ್ತರ ಕೇಳುವಂತೆ ವಿಚಾರಿಸಿದರು. ಎಲ್ಲಿ ಕಂಡೆ? ಯಾವಾಗ? ಹೆದ್ರಿದ್ಯಾ? ರಾಮನಗುಳಿಯ ಹತ್ತಿರ, ಯಲ್ಲಾಪುರದ ರಸ್ತೆಯಲ್ಲಿ, ಜೊತೆಗೆ ಕೆಲಸ ಮಾಡುವವಳ ಮದುವೆಗೆ ಹೋದಾಗ ಕಂಡಿದ್ದೆ. ಅದನ್ನೆಲ್ಲ ಬಾಯಿಯಲ್ಲಿ ಹೇಳಲಿಲ್ಲ. ಎದ್ದು ನಿಂತು ಅದು ನಡೆದ ಹಾಗೆ ನಡೆದು ತೋರಿಸಿದೆ, ಭುಜ ಎತ್ತಿ, ಪಾದ ಒಳಕ್ಕೆ ತಿರುಗಿಸಿ, ಮೂಗು ನೆಲಕ್ಕೆ ಹಚ್ಚಿ. ವಿಠ್ಠಲ ಚಪ್ಪಾಳೆ ಹೊಡೆದ. "ಕಂಡಿದ್ದಾಳೆ. ಪಾಸು" ಎಂದರು ಸಿಸ್ಟರ್.

ಅಲ್ಲಿಂದ ಒಂದು ವರ್ಷ ನಾನು ಕರಡಿ. ದಿನಕ್ಕೆ ಎರಡೇ ಸಲ ಆ ರೂಪ ತಾಳಬಹುದಿತ್ತು. ಎರಡನ್ನೂ ಲೆಕ್ಕ ಹಾಕಿ, ಮಾತು ಬೇಕಾಗುವ ಜಾಗ ಬರುವ ಮೊದಲೇ ಕರಡಿಯಾಗಿಬಿಡುತ್ತಿದ್ದೆ. ಸಂತೆಗೆ ಹೋಗುವಾಗ ಕರಡಿ. ರಾಜನ ಸಭೆಯಲ್ಲಿ ಕರಡಿ. ಒಂದು ಮದುವೆ ಊಟಕ್ಕೂ ಕರಡಿಯಾಗಿ ಹೋಗಿ ಪಂಕ್ತಿಯಲ್ಲಿ ಕೂತಿದ್ದೇನೆ. ಪಂಜ ಬಡಿದು, ಮೂಗಿನಿಂದ ತಳ್ಳಿ, ಗುರುಗುಟ್ಟಿ ನಾನು ಹೇಳಬೇಕಾದ್ದನ್ನು ಹೇಳುತ್ತಿದ್ದೆ, ಉಳಿದವರು ತಿಳಿದುಕೊಳ್ಳಬೇಕು. ತಪ್ಪು ತಿಳಿದುಕೊಂಡರೆ ಅದು ಅವರ ಪಾಡು. ಜನರ ನಡುವೆ ಕೂತು, ನಗುತ್ತ, ಯಾರಿಂದಲೂ ಮಾತು ಮುಗಿಸಿಕೊಳ್ಳದೆ ಮನೆಗೆ ಬರುವ ಸುಖ ನನಗೆ ಅದುವರೆಗೆ ಗೊತ್ತಿರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಸಿಸ್ಟರ್‌ಗೆ ಸಾಕಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಉಪ್ಪಿನ ಕೋಟೆಯ ಪ್ರಸಂಗ ಬಂತು. ಕಡಲತಡಿಯ ಒಂದು ಊರಿನ ಉಪ್ಪನ್ನೆಲ್ಲ ಕೋಟೆಯೊಳಗೆ ಕೂಡಿಹಾಕಿ ಬೀಗ ಜಡಿದಿದ್ದಾರೆ. ಮೀನು ಒಣಗಿಸಲು ಉಪ್ಪಿಲ್ಲ, ಮಳೆಗಾಲ ಎದುರಿಗಿದೆ. ಬಾಗಿಲು ಕಾಯುವವಳು ಒಬ್ಬ ಮುದಿ ರಾಕ್ಷಸಿ, ಕೈಯಲ್ಲಿ ಕಬ್ಬಿಣದ ಸಲಾಕೆ. ಜಗಳ ಹತ್ತಿತು. ವಿಠ್ಠಲನ ಸೈನಿಕ ಪ್ರಜ್ಞೆ ತಪ್ಪಿ ಬಿದ್ದ. ರಾಕ್ಷಸಿಯ ಮಂತ್ರಕ್ಕೆ ಭಟ್ಟರ ಮಾಂತ್ರಿಕ ಕಪ್ಪೆಯಾದ. ಉಳಿದದ್ದು ಕರಡಿ ಒಂದೇ. ನನ್ನ ಎರಡನೇ ರೂಪ ಅದು, ಆ ದಿನಕ್ಕೆ ಇನ್ನು ಮೂರನೆಯದಿಲ್ಲ. ಸಲಾಕೆಯ ಏಟಿಗೆ ಸಿಸ್ಟರ್ ಟ್ರೇಯಲ್ಲಿ ದಾಳ ಹಾಕಿದರು, ನಾವು ಬಗ್ಗಿ ನೋಡುವ ಮೊದಲೇ ಅದರ ಮೇಲೆ ಅಂಗೈ ಇಟ್ಟರು. "ಆರು" ಎಂದರು. ಆರು ಅಂಕದ ಏಟಿಗೆ ಕರಡಿಯ ಜೀವ ಮುಗಿಯಿತು.

"ರೋಮ ಎಲ್ಲ ಉದುರಿಹೋಯ್ತು. ನೀನು ಬಾಗಿಲೆದುರು ನಿಂತಿದ್ದೆ, ಬರೀ ಕೈಯಲ್ಲಿ. ಆ ಮುದುಕಿ ಸಲಾಕೆ ಕೆಳಗಿಟ್ಟು ಕೇಳ್ತಾಳೆ: ಯಾರು ನೀನು? ಎಂತಕ್ಕೆ ಬಂದೆ?"

ಎಲ್ಲರೂ ನನ್ನತ್ತ ನೋಡಿದರು. ನಾನು ಬಾಯಿ ತೆರೆದೆ. ಉತ್ತರ ಗೊತ್ತಿತ್ತು, ಒಂದೇ ವಾಕ್ಯ. ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ನಿಂತಿತು. ಭಟ್ಟರಿಗೆ ತಡೆಯಲಾಗದೆ, "ಅವ್ಳು ಉಪ್ಪು" ಎಂದು ಶುರುಮಾಡಿದರು. "ಕಪ್ಪೆ ಮಾತಾಡೂದಿಲ್ಲ ಭಟ್ರೆ" ಎಂದರು ಸಿಸ್ಟರ್, ಕಣ್ಣು ನನ್ನಿಂದ ತೆಗೆಯದೆ. ಕಿವಿ ಬಿಸಿಯಾಯಿತು, ಕಣ್ಣು ತುಂಬಿತು. ಚೀಲ ತೆಗೆದುಕೊಂಡು ಎದ್ದು ಹೊರಟುಬಿಟ್ಟೆ. ಬಸ್ಸಿನಲ್ಲಿ ಕೂತಾಗ ನನಗೆ ಅವರ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಇಷ್ಟು ದಿನ ಅವರು ಪೆನ್ಸಿಲ್ ಚೂಪು ಮಾಡುತ್ತ ಕಾದದ್ದೆಲ್ಲ ನಾಟಕ ಎನಿಸಿತು.

ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆಮೇಲೆ ಭಟ್ಟರ ಫೋನು ಬಂತು. ನನಗೆ ಫೋನಿನಲ್ಲಿ ಉತ್ತರ ಕೊಡುವುದು ಆಗದು ಎಂದು ಗೊತ್ತಿದ್ದರಿಂದ ಅವರೇ ಪೂರ್ತಿ ಮಾತಾಡಿದರು. "ಎಂತಾ ಮಾರಾಯ್ತಿ ನೀನು. ಆಟ ನಿಂತಲ್ಲೇ ನಿಂತದೆ. ನಿನ್ನ ಪಾಳಿ ಅಂತೆ. ನಾವು ಹೋಗೂದು, ಕೈ ತೊಳೆಯೂದು, ಚಾ ಕುಡಿಯೂದು, ಬರೂದು. ನಾ ಇನ್ನೂ ಕಪ್ಪೆ. ನಿನ್ನ ಪಾಳಿ ದಾಟ್ಸಿ ಮುಂದೆ ಹೋಪ ಅಂದ್ರೆ ಕೇಳೂದೇ ಇಲ್ಲ ಆ ಹೆಂಗ್ಸು." ನನ್ನ ಪಾಳಿಯನ್ನು ಅದುವರೆಗೆ ಯಾರೂ ನನಗಾಗಿ ಹಿಡಿದಿಟ್ಟಿರಲಿಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

ಆ ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ನೂಕುನುಗ್ಗಲು. ಖಾಲಿ ಹೊಟ್ಟೆಯವರು ಸಾಲಾಗಿ ನಿಂತು ಸಿಡಿಮಿಡಿ ಮಾಡುತ್ತಿದ್ದರು. ಚೀಟಿ ತೆಗೆದುಕೊಂಡು ತಲೆಯೆತ್ತಿದರೆ ಎದುರಿಗೆ ಸಿಸ್ಟರ್. ಕಾರವಾರದಲ್ಲಿ ಇಲ್ಲದ ಲ್ಯಾಬೇ? ಸಕ್ಕರೆ ಪರೀಕ್ಷೆಗೆಂದು ಏನೂ ತಿನ್ನದೆ ಮೊದಲ ಬಸ್ಸಿಗೆ ಬಂದಿದ್ದರು. ಕೂತು ತೋಳು ಚಾಚಿದರು. ನಾನು ಮುಖ ಬಿಗಿದುಕೊಂಡು ಪಟ್ಟಿ ಕಟ್ಟಿದೆ, ನರ ಹುಡುಕಿದೆ, ಸೂಜಿ ಎತ್ತಿಕೊಂಡೆ. ಅವರು ತೋಳು ಹಿಂದಕ್ಕೆಳೆದರು.

"ಹೇಳದೇ ಚುಚ್ಚಬ್ಯಾಡ ಬಾಯ್. ಎಂತ ಮಾಡ್ತೆ ಅಂತ ಹೇಳು."

ನಾನು ಅವರನ್ನೇ ನೋಡಿದೆ. ಹಿಂದೆ ಇಡೀ ಸಾಲು. ಇದುವರೆಗೆ ಎಷ್ಟು ತೋಳುಗಳಿಗೆ ಒಂದು ಮಾತೂ ಹೇಳದೆ ಸೂಜಿ ಚುಚ್ಚಿದ್ದೆನೋ, ಅವರೆಲ್ಲ ಏನೆಂದುಕೊಂಡಿದ್ದರೋ. ಮಕ್ಕಳೂ ಇದ್ದರು, ಬಸುರಿಯರೂ ಇದ್ದರು. "ಮು... ಮು... ಮುಷ್ಟಿ" ಎಂದೆ. ಅಲ್ಲಿಗೆ ನಿಂತಿತು. ಸಾಲಿನಲ್ಲಿದ್ದ ಒಬ್ಬರು, "ಮುಷ್ಟಿ ಹಿಡೀರಿ ಅಂತಾಳೆ ನೋಡಿ" ಎಂದರು. ಸಿಸ್ಟರ್ ಕಿವಿಗೇ ಹಾಕಿಕೊಳ್ಳಲಿಲ್ಲ. ಮುಷ್ಟಿ ಹಿಡಿಯಲೂ ಇಲ್ಲ. ನಾನು ಹೇಳಿ ಮುಗಿಸಿದ ಮೇಲೆ ಹಿಡಿದರು. "ಸ್ವಲ್ಪ ನೋಯ್ತದೆ" ಎಂದೂ ಹೇಳಿದೆ, ಅದಕ್ಕೆ ಇನ್ನೂ ಹೊತ್ತು ಹಿಡಿಯಿತು. ಆಮೇಲೆ ಚುಚ್ಚಿದೆ. ಅವರು ರಕ್ತ ನಳಿಗೆಗೆ ಏರುವುದನ್ನು ನೋಡುತ್ತ ಮೆಲ್ಲಗೆ ಹೇಳಿದರು:

"ಆ ದಿವ್ಸ ದಾಳ ಎರಡು ಬಿದ್ದಿತ್ತು. ಕರಡಿ ಉಳೀತಿತ್ತು. ನಾ ಸುಳ್ಳು ಹೇಳ್ದೆ."

ಸೂಜಿ ಒಳಗಿತ್ತು, ಹಾಗಾಗಿ ಕೈಯನ್ನು ಗಟ್ಟಿ ಮಾಡಿಕೊಂಡೆ.

"ನಿನ್ನ ಕೇಳದೇ ನಿನ್ನ ಮೈ ಬದಲು ಮಾಡ್ದೆ. ಒಳ್ಳೇದಕ್ಕೆ ಅಂತ ಮಾಡ್ದೆ. ಎಲ್ರೂ ಹಂಗೇ ಹೇಳೂದು. ತಪ್ಪು ನಂದು ಬಾಯ್. ನಾಳೆ ಬಾ. ಕರಡಿ ಬೇಕಂದ್ರೆ ಕರಡಿ ವಾಪಸ್ ಕೊಡ್ತೆ, ದಾಳ ಬಿದ್ದ ಹಾಗೇ ಆಡ್ವಾ. ಬ್ಯಾಡ ಅಂದ್ರೆ ಹಂಗೇ ಹೇಳು. ಈ ಸಲ ಕೇಳ್ತೆ."

ಹತ್ತಿ ಇಟ್ಟು ಅವರ ತೋಳು ಮಡಚಿದೆ. ಅವರು ಎದ್ದು, ಸಾಲಿನವರಿಗೆಲ್ಲ "ತಡ ಆಯ್ತು, ನಂದೇ" ಎಂದು ಹೇಳಿ, ಬಸ್‌ಸ್ಟ್ಯಾಂಡಿನ ಕಡೆ ಹೋದರು. ಎಪ್ಪತ್ತರ ಹತ್ತಿರದ, ಆಸ್ಪತ್ರೆಯನ್ನೇ ನಡುಗಿಸಿದ ಹೆಂಗಸು ಒಂದು ಆಟದ ದಾಳದ ಸುಳ್ಳಿಗೆ ಹಸಿದ ಹೊಟ್ಟೆಯಲ್ಲಿ ಅಷ್ಟು ದೂರ ಬಂದಿದ್ದರು. ಆ ದಿನ ಮಧ್ಯಾಹ್ನ ಊಟದ ಡಬ್ಬಿ ತೆರೆದು ನಾನು ಚೆನ್ನಾಗಿ ಅತ್ತೆ.

ಮರುದಿನ ಹೋದೆ. ಕೈ ತೊಳೆದು ಕೂತೆ. ಸಿಸ್ಟರ್ ಎಂದಿನಂತೆ ಒಪ್ಪಿಸಿದರು: ಭಟ್ಟರು ಕಪ್ಪೆ, ವಿಠ್ಠಲನಿಗೆ ಪ್ರಜ್ಞೆ ಇಲ್ಲ, ನಾಡಿ ಇದೆ. ಆಮೇಲೆ ಇಬ್ಬರ ಎದುರಿಗೂ ದಾಳದ ವಿಷಯ ಹೇಳಿಬಿಟ್ಟರು. ನನ್ನತ್ತ ತಿರುಗಿ, "ಕರಡಿಯೋ, ನೀನೋ?" ಎಂದು ಕೇಳಿದರು. ಕರಡಿ ಬಲು ಹತ್ತಿರದಲ್ಲಿತ್ತು. ತಲೆಯಾಡಿಸಿದರೆ ಸಾಕು, ಸಿಕ್ಕಿಬಿಡುತ್ತಿತ್ತು.

"ನಾ... ನಾನು" ಎಂದೆ.

ಅವರು ಹೂಂ ಎಂದರು, ಅಷ್ಟೇ. ಹೆಗಲು ಬಾಗಿತು, ದನಿ ಒಡೆದು ದಪ್ಪಗಾಯಿತು, ರಾಕ್ಷಸಿಯಾದರು. "ಯಾರು ನೀನು? ಎಂತಕ್ಕೆ ಬಂದೆ?"

ಹೇಳಿದೆ. ಊರಿನವರಿಗೆ ಮೀನು ಒಣಗಿಸಲು ಉಪ್ಪಿಲ್ಲ, ಮಳೆ ಬರುವುದರೊಳಗೆ ಬಾಗಿಲು ತೆಗೆಯಿರಿ ಎಂದು. ಒಂದೊಂದು ಶಬ್ದವನ್ನೂ ಹಗ್ಗ ಹಾಕಿ ಎಳೆದ ಹಾಗಾಯಿತು. "ಉಪ್ಪು" ಎಂಬುದಕ್ಕೇ ಎಷ್ಟು ಹೊತ್ತು ಹೋಯಿತೋ. ವಿಠ್ಠಲ ಉಸಿರು ಬಿಗಿಹಿಡಿದಿದ್ದ. ಭಟ್ಟರು ಕಪ್ಪೆಯ ಕರ್ತವ್ಯ ನೆನೆದು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಹೇಳಿ ಮುಗಿಸುವಾಗ ಬೆನ್ನು ಬೆವರಿನಿಂದ ಒದ್ದೆ. ಈಗ ಬಾಗಿಲು ತೆಗೆಯುತ್ತಾರೆ, ಇಬ್ಬರೂ ಚಪ್ಪಾಳೆ ಹೊಡೆಯುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

"ಇಲ್ಲ" ಎಂದಳು ರಾಕ್ಷಸಿ. "ತೆಗ್ಯೂದಿಲ್ಲ. ಹೋಗು."

ನನಗೆ ನಂಬಲಾಗಲಿಲ್ಲ. ಇಷ್ಟು ಕಷ್ಟಪಟ್ಟು ಹೇಳಿದವಳಿಗೆ ಇಲ್ಲ ಎನ್ನುವುದೇ? ಮೈಯೆಲ್ಲ ಉರಿಯಿತು. ಯಾಕೆ ಇಲ್ಲ ಎಂದು ಕೇಳಿದೆ. ಉಪ್ಪು ಕೊಟ್ಟರೆ ಮುಂದಿನ ವರ್ಷವೂ ಬರುತ್ತೀರಿ ಎಂದಳು. ಬಂದರೆ ನಿಮಗೇನು ಕಷ್ಟ ಎಂದೆ. ಕಾಯುವುದು ನನ್ನ ಕೆಲಸ ಎಂದಳು. ಒಳಗೆ ಕರಗಿ ಹಾಳಾಗುವುದನ್ನು ಕಾಯುವುದು ಎಂಥ ಕೆಲಸ ಎಂದೆ. ಒಂದೊಂದು ಪ್ರಶ್ನೆಗೂ ನಾನು ತಡವರಿಸುತ್ತಿದ್ದೆ, ಆಕೆ ಸಲಾಕೆಗೆ ಗಲ್ಲ ಊರಿ ಕಾಯುತ್ತಿದ್ದಳು. ಮುಗಿದ ಕೂಡಲೇ ಮತ್ತೊಂದು ಇಲ್ಲ. ಹಠಮಾರಿ ಮುದುಕಿ. ನಾನು ಎದ್ದು ನಿಂತು ಮೇಜು ಗುದ್ದಿದೆ, ದಾಳಗಳು ಟ್ರೇಯಿಂದ ಹಾರಿ ನೆಲಕ್ಕೆ ಬಿದ್ದವು. ಯಾರೂ ಹೆಕ್ಕಲಿಲ್ಲ. ಚಾ ಬಂದು ಕೆನೆಗಟ್ಟಿತು. ಇಡೀ ಸಂಜೆ ನಾನು ಜಗಳವಾಡಿದೆ, ಉಗ್ಗುತ್ತ, ಬೈಯುತ್ತ, ಒಂದು ಮಾತನ್ನೂ ಬಿಡದೆ. ಬಾಗಿಲು ತೆರೆಯಲೇ ಇಲ್ಲ.

ನನಗೆ ಜೀವಮಾನದಲ್ಲಿ ಬಾಗಿಲುಗಳು ಬೇಗ ತೆರೆದಿವೆ. ನನ್ನ ಮಾತು ಮುಗಿಯುವವರೆಗೆ ಕಾಯಲಾರದೆ ಜನ ಕೇಳಿದ್ದನ್ನೂ ಕೇಳದ್ದನ್ನೂ ಕೊಟ್ಟು ಕಳಿಸಿದ್ದಾರೆ. ಕೊನೆಯ ಅಕ್ಷರದವರೆಗೆ ಕೇಳಿ, ಯೋಚಿಸಿ, ಇಲ್ಲ ಎಂದ ಮೊದಲನೆಯವರು ಸಿಸ್ಟರ್.